ಪುಟ್ಟ ನಾಯಿಯೊಂದಿಗೆ ವಿಮಾನ ಪ್ರಯಾಣ: ಗಾಬರಿಯಾಗದಂತೆ ಕರೆದೊಯ್ಯುವುದು ಹೇಗೆ?



ಮಕ್ಕಳು ಮುಂಬೈ, ದೆಹಲಿ, ಪುಣೆ ಎಂದು ಕೆಲಸ ಹಿಡಿದು ಅಲ್ಲೇ ಮನೆ ಮಾಡಿದ್ದಾರೆ. ಊರಿನಲ್ಲಿ ಅಪ್ಪ, ಅಮ್ಮ ಇಬ್ಬರೇ. ಜೊತೆಗೆ ಏಳೆಂಟು ವರ್ಷದಿಂದ ಸಾಕಿದ ಒಂದು ಪುಟ್ಟ ನಾಯಿ. ಇನ್ನು ಮಕ್ಕಳ ಜೊತೆಗೇ ಇರುವುದೆಂದು ತೀರ್ಮಾನವಾದಾಗ ಮನೆ, ತೋಟ, ಬ್ಯಾಂಕಿನ ಲೆಕ್ಕ ಎಲ್ಲದಕ್ಕೂ ದಾರಿಯಾಗುತ್ತದೆ. ನಾಯಿಯ ವಿಷಯ ಬಂದಾಗ ಮಾತ್ರ ಮಾತು ನಿಲ್ಲುತ್ತದೆ. 'ಅದನ್ನು ಬಿಟ್ಟು ನಾನು ಬರುವುದಿಲ್ಲ' ಎಂದು ಅಮ್ಮ ಹೇಳಿದರೆ ಅದು ಹಟವಲ್ಲ. ವಯಸ್ಸಾದ ನಾಯಿಯನ್ನು ನೆರೆಮನೆಗೆ ಒಪ್ಪಿಸಿ ಹೋದರೆ ಅದು ಅನ್ನ ಬಿಡುವುದನ್ನು ನಮ್ಮ ಊರುಗಳಲ್ಲಿ ನೋಡಿದವರಿದ್ದಾರೆ.

ಸಣ್ಣ ನಾಯಿಯನ್ನು ವಿಮಾನದಲ್ಲಿ ನಮ್ಮ ಕಾಲ ಬಳಿಯೇ ಇಟ್ಟುಕೊಂಡು ಹೋಗಲು ಈಗ ಸಾಧ್ಯವಿದೆ. ಟಿಕೆಟ್ಟು, ಕಾಗದಪತ್ರಗಳ ಬಗ್ಗೆ ಮಾಹಿತಿ ಕೇಳಿದರೆ ಸಿಗುತ್ತದೆ. ಆದರೆ ಎರಡು, ಮೂರು ಗಂಟೆ ಅದನ್ನು ಗಾಬರಿಯಾಗದಂತೆ ಇರಿಸುವುದು ಹೇಗೆ ಎಂಬುದಕ್ಕೆ ಸಿಗುವ ಉತ್ತರಗಳಲ್ಲಿ ಅರ್ಧ ತಪ್ಪು, ಕೆಲವು ಅಪಾಯಕಾರಿ. ಆದ್ದರಿಂದ ಈ ಲೇಖನ. ನಾಯಿ ವಿಮಾನದಲ್ಲಿ ಶಾಂತವಾಗಿರುವುದು ಹೊರಡುವ ದಿನ ಕೊಡುವ ಮಾತ್ರೆಯಿಂದಲ್ಲ, ಅದಕ್ಕೆ ಮುಂಚಿನ ಐದಾರು ವಾರ ಮನೆಯಲ್ಲಿ ಮಾಡಿಸುವ ಅಭ್ಯಾಸದಿಂದ. ಟಿಕೆಟ್ಟು ಕಾಯ್ದಿರಿಸುವ ಮೊದಲೇ ಇದನ್ನು ಓದಿ ಎಂಬುದು ನಮ್ಮ ವಿನಂತಿ.

ಮೊದಲು ತೂಕ, ಆಮೇಲೆ ಟಿಕೆಟ್ಟು

ಎಲ್ಲ ವಿಮಾನಗಳೂ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ದೇಶದೊಳಗಿನ ಪ್ರಯಾಣದಲ್ಲಿ ಏರ್ ಇಂಡಿಯಾ ಬಹಳ ಕಾಲದಿಂದ ಅವಕಾಶ ಕೊಡುತ್ತಿದೆ. ಅಕಾಸಾ ಏರ್ 2022ರ ನವೆಂಬರ್‌ನಲ್ಲಿ ಆರಂಭಿಸಿತು. ಮೊದಲು ಚೀಲವೂ ಸೇರಿ 7 ಕೆ.ಜಿ. ಮಿತಿ ಇತ್ತು, ಆಮೇಲೆ 10 ಕೆ.ಜಿ.ಗೆ ಏರಿಸಿತು. ಇಂಡಿಗೋ ಮಾತ್ರ ಅಂಗವಿಕಲರ ಸೇವಾ ನಾಯಿಗಳನ್ನು ಬಿಟ್ಟರೆ ಬೇರೆ ನಾಯಿಗಳನ್ನು ಒಯ್ಯುವುದಿಲ್ಲ. ಮಿತಿ, ದರ, ಒಂದು ವಿಮಾನದಲ್ಲಿ ಎಷ್ಟು ಪ್ರಾಣಿ ಎಂಬ ಲೆಕ್ಕ ಇವೆಲ್ಲ ಆಗಾಗ ಬದಲಾಗುತ್ತವೆ. ಹಾಗಾಗಿ ಕಂಪನಿಗೇ ಫೋನು ಮಾಡಿ ಕೇಳಿ, ನಾಯಿಗೆ ಜಾಗ ಖಚಿತವಾದ ಮೇಲಷ್ಟೇ ಮನುಷ್ಯರ ಟಿಕೆಟ್ಟು ಮಾಡಿಸಿ. ನಿಮ್ಮ ಹತ್ತಿರದ ನಿಲ್ದಾಣದಿಂದ ನಾಯಿಗೆ ಅವಕಾಶವಿರುವ ವಿಮಾನವೇ ಇಲ್ಲದಿರಬಹುದು. ಆಗ ಇನ್ನೊಂದು ನಿಲ್ದಾಣದವರೆಗೆ ಕಾರಿನಲ್ಲಿ ಹೋಗಬೇಕಾಗುತ್ತದೆ. ಆ ದಾರಿಯೂ ನಾಯಿಯ ಪ್ರಯಾಣವೇ.

ಮನೆಯಲ್ಲಿ ತೂಕ ನೋಡುವುದು ಸುಲಭ: ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಚೀಲವೇ ಒಂದರಿಂದ ಒಂದೂವರೆ ಕೆ.ಜಿ. ಇರುತ್ತದೆ ಎಂಬುದನ್ನು ಮರೆಯಬೇಡಿ. ನಮ್ಮ ಕಡೆ ಪಾಮೇರಿಯನ್ ಎಂದು ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ನಿಜವಾಗಿ ಇಂಡಿಯನ್ ಸ್ಪಿಟ್ಜ್. ಅಸಲಿ ಪಾಮೇರಿಯನ್ ಎರಡು, ಮೂರು ಕೆ.ಜಿ. ಇದ್ದರೆ ಇದು ಐದಾರು ಕೆ.ಜಿ.ಯನ್ನು ಸುಲಭವಾಗಿ ಮುಟ್ಟುತ್ತದೆ. ಮೊಸರನ್ನದ ಮೇಲೆ ಬೆಳೆದದ್ದು ಇನ್ನೂ ಹೆಚ್ಚು. ಪುಸ್ತಕದಲ್ಲಿ ಬರೆದ ತಳಿಯ ತೂಕವನ್ನು ನಂಬಿ ಕೌಂಟರಿಗೆ ಹೋಗಿ ನಿಂತರೆ ಕಷ್ಟವಾಗುತ್ತದೆ.

ಮೂತಿ ಚಪ್ಪಟೆಯಾದ ನಾಯಿಗಳು

ಪಗ್, ಶಿಟ್ಜು, ಫ್ರೆಂಚ್ ಬುಲ್‌ಡಾಗ್, ಪೆಕಿನೀಸ್ ಸಾಕಿದವರು ಈ ಭಾಗವನ್ನು ಎರಡು ಸಲ ಓದಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಅಲ್ಪಸ್ವಲ್ಪ ಬೆವರುವುದನ್ನು ಬಿಟ್ಟರೆ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈಯ ಶಾಖವನ್ನು ಹೊರಹಾಕಬೇಕು. ಮೂತಿ ಗಿಡ್ಡವಾದ ತಳಿಗಳಲ್ಲಿ ಮೂಗಿನ ಹೊಳ್ಳೆ ಕಿರಿದು, ಅಂಗುಳಿನ ಹಿಂಭಾಗದ ಮೆತ್ತನೆಯ ಮಾಂಸ ಉದ್ದ, ಗಾಳಿಯ ದಾರಿ ಇಕ್ಕಟ್ಟು. ಗಾಬರಿಯಾದರೆ ಜೋರಾಗಿ ಉಸಿರಾಡುತ್ತವೆ. ಜೋರಾಗಿ ಉಸಿರಾಡಿದಷ್ಟೂ ಗಂಟಲು ಊದಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ಬೇರೆ ನಾಯಿಗೆ ಗಾಬರಿ ಬರೀ ಸಂಕಟ, ಇವಕ್ಕೆ ಪ್ರಾಣಾಪಾಯ.

ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಹೊರಗೆಡವಿದ ಲೆಕ್ಕದಲ್ಲಿ, ಅದಕ್ಕೆ ಹಿಂದಿನ ಐದು ವರ್ಷಗಳಲ್ಲಿ ಅಲ್ಲಿನ ವಿಮಾನಗಳಲ್ಲಿ ಸತ್ತ 122 ನಾಯಿಗಳ ಪೈಕಿ ಸರಿಸುಮಾರು ಅರ್ಧದಷ್ಟು ಇಂಥ ಮೂತಿಯವು. ಹೆಚ್ಚಿನ ಕಂಪನಿಗಳು ಈ ತಳಿಗಳನ್ನು ಕೆಳಗಿನ ಸರಕು ಭಾಗಕ್ಕೆ ಸೇರಿಸಿಕೊಳ್ಳದಿರುವುದಕ್ಕೆ ಕಾರಣ ಇದೇ. ನಮ್ಮ ಅಭಿಪ್ರಾಯ ಕೇಳಿದರೆ, ರಾತ್ರಿ ಮಲಗಿದಾಗ ಗೊರಕೆ ಜೋರಿರುವ, ಬೇಸಿಗೆಯಲ್ಲಿ ಬೀದಿಯ ತುದಿಯವರೆಗೆ ನಡೆದರೆ ಏದುಸಿರು ಬಿಡುವ ಪಗ್ಗನ್ನು ಪಶುವೈದ್ಯರ ತಪಾಸಣೆಯಿಲ್ಲದೆ ವಿಮಾನ ಹತ್ತಿಸಲೇಬಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವಂತೂ ಬೇಡವೇ ಬೇಡ.

ನಿದ್ದೆ ಮಾತ್ರೆಯ ಮಾತು

'ಒಂದು ಮಾತ್ರೆ ಹಾಕಿಬಿಡಿ, ದೆಹಲಿ ಬರುವವರೆಗೂ ಮಲಗಿರುತ್ತದೆ.' ಎಲ್ಲರಿಗಿಂತ ಮೊದಲು ಸಿಗುವ ಸಲಹೆ ಇದು. ಅಲರ್ಜಿ ಮಾತ್ರೆ, ಕೆಮ್ಮಿನ ಸಿರಪ್, ಅಜ್ಜನ ನಿದ್ದೆ ಮಾತ್ರೆಯ ಕಾಲು ಭಾಗ, ಒಂದು ಚಮಚ ಬ್ರಾಂದಿ, ಹೀಗೆ ಪಟ್ಟಿ ಬೆಳೆಯುತ್ತದೆ. ಇದರಲ್ಲಿ ಯಾವುದನ್ನೂ ಕೊಡಬೇಡಿ. ಮದ್ಯ ನಾಯಿಗೆ ವಿಷ. ಮನುಷ್ಯರ ಸಿರಪ್ಪುಗಳಲ್ಲಿ ಪ್ಯಾರಾಸಿಟಮಾಲ್ ಇದ್ದರೆ ಅದು ನಾಯಿಯ ಯಕೃತ್ತಿಗೆ ಪೆಟ್ಟು. ಸಕ್ಕರೆಯಿಲ್ಲದ ಸಿರಪ್ಪಿನಲ್ಲಿ ಸಿಹಿಗಾಗಿ ಬಳಸುವ ಕ್ಸೈಲಿಟಾಲ್ ಇದ್ದರೆ ಅಲ್ಪ ಪ್ರಮಾಣವೇ ಸಾಕು ಅದರ ರಕ್ತದ ಸಕ್ಕರೆ ಕುಸಿಯಲು.

ಪಶುವೈದ್ಯರೇ ಬಳಸುವ ಮಂಪರಿನ ಔಷಧದ ಬಗ್ಗೆಯೂ ಎಚ್ಚರ ಬೇಕು. ಏಸ್‌ಪ್ರೊಮಜೀನ್ ಎಂಬುದು ಬಹಳ ಹಳೆಯದು. ಇದು ನಾಯಿಯನ್ನು ಅಲುಗಾಡದಂತೆ ಮಾಡುತ್ತದೆ, ಹೆದರಿಕೆಯನ್ನು ಕಡಿಮೆ ಮಾಡುವುದಿಲ್ಲ. ನೋಡುವವರಿಗೆ ಶಾಂತವಾಗಿ ಮಲಗಿದಂತೆ ಕಾಣುತ್ತದೆ. ಒಳಗೆ ಸದ್ದು, ಕತ್ತಲೆ, ಕಂಪನ ಎಲ್ಲವೂ ಅದಕ್ಕೆ ತಿಳಿಯುತ್ತಲೇ ಇರುತ್ತವೆ, ಓಡಲು ಮಾತ್ರ ಕೈಕಾಲು ಬರುವುದಿಲ್ಲ. ಜೊತೆಗೆ ರಕ್ತದೊತ್ತಡ ಇಳಿಯುತ್ತದೆ, ಮೈಯ ಶಾಖವನ್ನು ಹಿಡಿತದಲ್ಲಿಡುವ ಶಕ್ತಿ ತಗ್ಗುತ್ತದೆ. ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ನೆಲದ ಮಟ್ಟದ್ದಲ್ಲ. ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು, ಅಂದರೆ ಹೆಚ್ಚುಕಡಿಮೆ ಊಟಿಯಲ್ಲಿ ಕುಳಿತಂತೆ. ಆರೋಗ್ಯವಾಗಿರುವ ನಾಯಿಗೆ ಇದು ಏನೂ ಅಲ್ಲ. ಮಂಪರಿನಲ್ಲಿರುವ, ಹೃದಯದ ತೊಂದರೆಯ ಅಥವಾ ಚಪ್ಪಟೆ ಮೂತಿಯ ನಾಯಿಗೆ ಹೊರೆ. ಅಮೆರಿಕದ ಪಶುವೈದ್ಯರ ಸಂಘವೂ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಟಿಎಯೂ ಮಂಪರು ಔಷಧ ಕೊಟ್ಟು ಕರೆತರಬೇಡಿ ಎಂದೇ ಹೇಳುತ್ತವೆ. ಮಂಪರಿನಲ್ಲಿರುವುದು ಗೊತ್ತಾದರೆ ಕೌಂಟರಿನಲ್ಲೇ ತಡೆದು ವಾಪಸ್ಸು ಕಳಿಸುವುದೂ ಉಂಟು.

ಹಾಗೆಂದು ಔಷಧವೇ ಇಲ್ಲ ಎಂದಲ್ಲ. ದೀಪಾವಳಿ ಪಟಾಕಿಗೆ, ಜಾತ್ರೆಯ ಗರ್ನಾಲಿಗೆ ಮಂಚದಡಿ ಸೇರಿ ಎರಡು ದಿನ ಹೊರಬರದ ನಾಯಿಗಳಿರುತ್ತವೆ. ಅಂಥವಕ್ಕೆ ಹೆದರಿಕೆಯನ್ನೇ ಕಡಿಮೆ ಮಾಡುವ ಗ್ಯಾಬಪೆಂಟಿನ್, ಟ್ರಾಜೊಡೋನ್‌ನಂಥ ಔಷಧಗಳನ್ನು ಪಶುವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ನಿಯಮ ಒಂದೇ: ಮೊದಲ ಡೋಸು ವಿಮಾನದ ದಿನ ಕೊಡಕೂಡದು. ಒಂದೆರಡು ವಾರ ಮುಂಚೆ, ಮನೆಯಲ್ಲಿ, ನೀವು ಇಡೀ ದಿನ ಇರುವಾಗ ಕೊಟ್ಟು ನೋಡಿ. ಕೆಲವು ನಾಯಿಗಳು ತೂಗಾಡುತ್ತವೆ, ಕೆಲವು ಶಾಂತವಾಗುವ ಬದಲು ಕೆರಳುತ್ತವೆ. ಅದು ಗೊತ್ತಾಗಬೇಕಾದದ್ದು ಅಂಗಳದಲ್ಲಿ, 30,000 ಅಡಿ ಎತ್ತರದಲ್ಲಲ್ಲ.

ಚೀಲವೇ ಮನೆ

ಅಂಗಡಿಯಲ್ಲಿ ಇದಕ್ಕೆ ಪೆಟ್ ಕ್ಯಾರಿಯರ್ ಎನ್ನುತ್ತಾರೆ. ಕ್ಯಾಬಿನ್ನಿಗೆ ಬಟ್ಟೆಯ ಮೆತ್ತನೆಯ ಚೀಲ ಬೇಕು. ಎರಡು ಮೂರು ಕಡೆ ಗಾಳಿಯಾಡುವ ಜಾಲರಿ, ಸೋರದ ತಳ, ಒಳಗಿನಿಂದ ಮೂತಿಯಲ್ಲಿ ತಳ್ಳಿ ತೆರೆಯಲಾಗದ ಜಿಪ್ಪು ಇರಬೇಕು. ಉದ್ದ, ಅಗಲ, ಎತ್ತರ ಆಯಾ ಕಂಪನಿ ಹೇಳಿದಂತೆ. ನಾಯಿ ಒಳಗೆ ತಿರುಗಿ ಮಲಗುವಷ್ಟು ಜಾಗವಿರಬೇಕು. ಅದಕ್ಕಿಂತ ಚಿಕ್ಕದು ಹಿಂಸೆ.

ಕೊಂಡ ದಿನವೇ ನಾಯಿಯನ್ನು ಒಳಗೆ ತುರುಕಿ ಜಿಪ್ಪು ಎಳೆಯುವವರು ಬಹಳ. ಅಲ್ಲಿಗೆ ಎಲ್ಲ ಕೆಟ್ಟಿತು. ಸರಿಯಾದ ಕ್ರಮಕ್ಕೆ ತಾಳ್ಮೆ ಬೇಕು, ಖರ್ಚೇನೂ ಇಲ್ಲ.

ಮೊದಲ ವಾರ ಚೀಲವನ್ನು ಬಾಯಿ ತೆರೆದು ನಾಯಿ ದಿನವೂ ಮಲಗುವ ಮೂಲೆಯಲ್ಲಿಡಿ. ಒಳಗೆ ಅಮ್ಮ ಉಟ್ಟು ಬಿಟ್ಟ, ಒಗೆಯದ ಹಳೆಯ ಸೀರೆಯ ತುಂಡು ಹಾಸಿ. ನಾಯಿಗೆ ಜಗತ್ತು ವಾಸನೆಯಿಂದಲೇ ತಿಳಿಯುವುದು. ಮನೆಯವರ ಮೈವಾಸನೆಗಿಂತ ದೊಡ್ಡ ಧೈರ್ಯ ಅದಕ್ಕಿಲ್ಲ. ಒಳಗೆ ಹೋಗು ಎಂದು ಒತ್ತಾಯಿಸಬೇಡಿ. ಅದರ ಇಷ್ಟದ ತಿಂಡಿಯ ಚೂರನ್ನು ಮೊದಲು ಚೀಲದ ಬಾಗಿಲಲ್ಲಿ, ಆಮೇಲೆ ಇನ್ನಷ್ಟು ಒಳಗೆ ಇಡುತ್ತ ಬನ್ನಿ. ಮಾಂಸ ತರುವ ಮನೆಗಳಲ್ಲಿ ಬೇಯಿಸಿದ ಕೋಳಿಯ ಚೂರು, ತರದ ಮನೆಗಳಲ್ಲಿ ಪನೀರ್ ಅಥವಾ ಒಂದು ಸಣ್ಣ ಹೋಳು ಕೊಬ್ಬರಿ. ಒಣದ್ರಾಕ್ಷಿ, ಚಾಕೊಲೇಟು ಮಾತ್ರ ಬೇಡ. ಎರಡೂ ನಾಯಿಗೆ ವಿಷವೇ. ನಾಲ್ಕೈದು ದಿನದಲ್ಲಿ ದಿನದ ಊಟವನ್ನೇ ಚೀಲದೊಳಗೆ ಕೊಡಬಹುದು.

ಎರಡನೆಯ ವಾರ ಅದು ಒಳಗೆ ತಿನ್ನುತ್ತಿರುವಾಗ ಜಿಪ್ಪು ಅರ್ಧ ಎಳೆದು ತಕ್ಷಣ ತೆರೆಯಿರಿ. ಆಮೇಲೆ ಪೂರ್ತಿ. ಐದು ಸೆಕೆಂಡು, ಅರ್ಧ ನಿಮಿಷ, ಐದು ನಿಮಿಷ. ಅದು ಕುಂಯ್‌ಗುಟ್ಟಿ ಬಿಡಿಸಿಕೊಳ್ಳುವ ಮೊದಲೇ ನೀವಾಗಿ ತೆರೆಯಬೇಕು. ಅಳತೊಡಗಿದರೆ ನೀವು ಅವಸರ ಮಾಡಿದಿರಿ ಎಂದು ಅರ್ಥ. ಹಿಂದಿನ ಮೆಟ್ಟಿಲಿಗೆ ಇಳಿಯಿರಿ.

ಮೂರನೆಯ ವಾರ ಚೀಲವನ್ನು ಎತ್ತಿ ಮನೆಯೊಳಗೆ ನಾಲ್ಕು ಹೆಜ್ಜೆ, ಅಂಗಳದಲ್ಲಿ ಒಂದು ಸುತ್ತು. ತಳಕ್ಕೆ ಕೈಕೊಟ್ಟು ಹಿಡಿಯಿರಿ, ಜೋಲಾಡಿದರೆ ಹೆದರುತ್ತದೆ. ಸಂಜೆ ಟಿವಿ ನೋಡುವಾಗ ಕುರ್ಚಿಯ ಕೆಳಗೆ, ನಿಮ್ಮ ಕಾಲಿನ ಮುಂದೆ ಇಟ್ಟುಕೊಳ್ಳಿ. ವಿಮಾನದಲ್ಲಿ ಅದರ ಜಾಗ ಮುಂದಿನ ಸೀಟಿನ ಅಡಿಯಲ್ಲಿ; ಮೇಲೆ ಏನೋ ಕವುಚಿದಂತಿರುವುದಕ್ಕೂ ಪಕ್ಕದಲ್ಲಿ ನಿಮ್ಮ ಕಾಲು ಇರುವುದಕ್ಕೂ ಈಗಲೇ ಒಗ್ಗಲಿ.

ನಾಲ್ಕನೆಯ ವಾರ ಸದ್ದು. ನಮ್ಮ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಕೇಳಿದರೆ ನಾಯಿಗೆ 45,000ದವರೆಗೆ ಕೇಳುತ್ತದೆ. ಹಾರುವ ವಿಮಾನದೊಳಗೆ 80 ಡೆಸಿಬೆಲ್ ಆಸುಪಾಸಿನ ಸದ್ದು ನಿಲ್ಲದೆ ಇರುತ್ತದೆ. ಇದಕ್ಕೆ ನಮ್ಮ ಅಡುಗೆಮನೆಯೇ ಶಾಲೆ. ಇಡ್ಲಿಗೆ ರುಬ್ಬುವಾಗ ಗ್ರೈಂಡರಿನಿಂದ ದೂರದ ಕೋಣೆಯಲ್ಲಿ ಚೀಲವಿಟ್ಟು ತಿಂಡಿ ಕೊಡಿ, ದಿನದಿಂದ ದಿನಕ್ಕೆ ಹತ್ತಿರ ತನ್ನಿ. ಮೊಬೈಲಿನಲ್ಲಿ ವಿಮಾನದ ಸದ್ದನ್ನು ಮೊದಲು ಕೇಳಿಸೀ ಕೇಳಿಸದಷ್ಟು ಸಣ್ಣಗೆ ಹಾಕಿ ಮೆಲ್ಲಗೆ ಏರಿಸಿ. ಒಮ್ಮೆ ಬಸ್ ನಿಲ್ದಾಣಕ್ಕೆ, ಒಮ್ಮೆ ರೈಲು ನಿಲ್ದಾಣಕ್ಕೆ ಚೀಲದಲ್ಲೇ ಕರೆದೊಯ್ದು ಹತ್ತು ನಿಮಿಷ ಕುಳಿತು ಬನ್ನಿ. ಗಾಲಿ ಸೂಟ್‌ಕೇಸುಗಳ ಗಡಗಡ, ಮೈಕಿನ ಘೋಷಣೆ, ಅಪರಿಚಿತರ ಕಾಲುಗಳು: ವಿಮಾನ ನಿಲ್ದಾಣದಲ್ಲಿ ಇರುವುದೂ ಇವೇ.

ಉಳಿದ ಎರಡು ವಾರ ಕಾರು ಮತ್ತು ಪೂರ್ಣ ತಾಲೀಮು. ಹೊರಡುವ ದಿನದಂತೆಯೇ ಎಲ್ಲ ಮಾಡಿ, ಕಾರಿನಲ್ಲಿ ಒಂದು ಗಂಟೆ ಸುತ್ತಿ, ಮನೆಗೆ ಬಂದು ಇನ್ನೂ ಒಂದು ಗಂಟೆ ಕುರ್ಚಿಯಡಿ ಚೀಲದಲ್ಲೇ ಇರಿಸಿ.

ಮುಂದಿನ ಮೆಟ್ಟಿಲಿಗೆ ಹೋಗಬಹುದೇ ಎಂದು ತಿಳಿಯುವುದು ಹೇಗೆ? ತಿಂಡಿ ಕೊಟ್ಟು ನೋಡಿ. ನಿಜವಾಗಿ ಹೆದರಿದ ನಾಯಿ ತನ್ನ ಇಷ್ಟದ್ದನ್ನೂ ಮೂಸಿ ಬಿಡುತ್ತದೆ. ತಿಂದರೆ ಮುಂದೆ, ಬಿಟ್ಟರೆ ಹಿಂದೆ. ಸೆಕೆ ಇಲ್ಲದಾಗ ಏದುಸಿರು, ಪದೇ ಪದೇ ಆಕಳಿಕೆ, ತುಟಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆ ನೋಟ, ಜೊಲ್ಲು, ನಡುಕ ಇವೂ ಹೆದರಿಕೆಯ ಗುರುತುಗಳು. ಆಕಳಿಸಿದರೆ ನಿದ್ದೆ ಬಂತು ಎಂದು ಸಂತೋಷಪಡುವವರೇ ಹೆಚ್ಚು.

ಗಡಿನಾಡಿನವರಿಗಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ನಾಯಿಗೂ ನಾಲ್ಕು ಭಾಷೆ. ಕಾಸರಗೋಡಿನ ಮನೆಯಲ್ಲಿ ಅಜ್ಜಿ ತುಳುವಿನಲ್ಲಿ ಗದರಿಸುತ್ತಾರೆ, ಕೆಲಸದವರು ಮಲಯಾಳದಲ್ಲಿ ಕರೆಯುತ್ತಾರೆ, ಮೊಮ್ಮಗ ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಾನೆ. ದಿನನಿತ್ಯಕ್ಕೆ ಅಡ್ಡಿಯಿಲ್ಲ. ಆದರೆ ಚೀಲಕ್ಕೆ ಹೋಗುವುದಕ್ಕೆ ಒಂದೇ ಶಬ್ದ ಇರಲಿ, 'ಗೂಡಿಗೆ' ಎಂದಾದರೆ ಎಲ್ಲರೂ ಅದನ್ನೇ, ಅದೇ ಮೆಲುದನಿಯಲ್ಲಿ ಹೇಳಲಿ. ಭದ್ರತಾ ತಪಾಸಣೆಯ ಗದ್ದಲದಲ್ಲಿ ಆ ಒಂದು ಶಬ್ದ ಬಹಳ ಉಪಕಾರಕ್ಕೆ ಬರುತ್ತದೆ.

ಘಾಟಿ ಇಳಿಯುವಾಗಲೇ ಸುಸ್ತಾದರೆ

ನಗರದವರಿಗೆ ಬರೆದ ಸಲಹೆಗಳಲ್ಲಿ ವಿಮಾನ ನಿಲ್ದಾಣ ಅರ್ಧ ಗಂಟೆಯ ದಾರಿ. ನಮಗೆ ಹಾಗಲ್ಲ. ಕಾಸರಗೋಡಿನಿಂದ ಬಜ್ಪೆಗೆ ಸುಮಾರು 60 ಕಿ.ಮೀ. ವಯನಾಡಿನವರು ಕರಿಪ್ಪೂರಿಗೆ ಹೋಗುವುದಾದರೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿಯಬೇಕು. ತಾಳವಾಡಿಯಿಂದ ಕೊಯಮತ್ತೂರಿಗೆ ಹೊರಟವರಿಗೆ ದಿಂಬಂ ಘಾಟಿಯಲ್ಲಿ 27 ತಿರುವು. ನೀಲಗಿರಿಯವರಿಗೆ ಕೂನೂರಿನ ಇಳಿಜಾರು, ಹೊಸೂರಿನವರಿಗೆ ಇಡೀ ಬೆಂಗಳೂರನ್ನು ದಾಟಿ ದೇವನಹಳ್ಳಿ ಸೇರುವ ಪಾಡು. ನಾಯಿ ಅಲ್ಲೇ ಎರಡು ಸಲ ವಾಂತಿ ಮಾಡಿಕೊಂಡರೆ ವಿಮಾನದ ಬಾಗಿಲಿಗೆ ಬರುವಷ್ಟರಲ್ಲಿ ಅದರ ಧೈರ್ಯವೆಲ್ಲ ಮುಗಿದಿರುತ್ತದೆ.

ಹಾಗಾಗಿ ಘಾಟಿಯಿರುವವರು ತಾಲೀಮಿನ ವಾರಗಳಲ್ಲಿ ಅದೇ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ವಾಂತಿಯ ಸ್ವಭಾವ ಕಂಡರೆ ಪಶುವೈದ್ಯರಲ್ಲಿ ಹೇಳಿ. ಮರೋಪಿಟಂಟ್ ಎಂಬ, ನಾಯಿಗಳ ಪ್ರಯಾಣದ ವಾಂತಿಗೆಂದೇ ಇರುವ ಔಷಧವಿದೆ, ಅದು ಮಂಪರು ಔಷಧವಲ್ಲ. ಆಗುವುದಾದರೆ ಹಿಂದಿನ ದಿನವೇ ಇಳಿದು ನೆಂಟರ ಮನೆಯಲ್ಲಿ ರಾತ್ರಿ ಕಳೆಯುವುದು ಎಲ್ಲಕ್ಕಿಂತ ಮೇಲು. ನಾಯಿಗೆ ಮಾತ್ರವಲ್ಲ, ಜೊತೆಗಿರುವ ಹಿರಿಯರಿಗೂ.

ಹೊರಡುವ ದಿನ

ನೇರ ವಿಮಾನವೇ ಇರಲಿ, ಸಾವಿರ ರೂಪಾಯಿ ಹೆಚ್ಚಾದರೂ. ಬೆಳಗಿನ ಜಾವದ್ದೋ ರಾತ್ರಿಯದೋ ಆದರೆ ಸೆಕೆ ಕಡಿಮೆ, ಅದು ನಾಯಿ ಮಲಗುವ ಹೊತ್ತೂ ಹೌದು.

ಹೊಟ್ಟೆ ತುಂಬ ಊಟವನ್ನು ಹೊರಡುವುದಕ್ಕೆ ನಾಲ್ಕರಿಂದ ಆರು ಗಂಟೆ ಮುಂಚೆ ಮುಗಿಸಿ. ನೀರು ಸ್ವಲ್ಪ ಸ್ವಲ್ಪ ಕೊಡುತ್ತಿರಿ. ಕ್ಯಾಬಿನ್ನಿನ ಗಾಳಿ ಬಹಳ ಒಣ, ನೀರು ಪೂರ್ತಿ ನಿಲ್ಲಿಸಬಾರದು. ತೀರಾ ಎಳೆಯ, ಸಣ್ಣ ಜಾತಿಯ ಮರಿಗಳನ್ನು ಮಾತ್ರ ಹಾಗೆ ಹಸಿವೆಯಲ್ಲಿಡಬೇಡಿ. ಅವುಗಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಒಂದೆರಡು ತುತ್ತು ಕೊಡುತ್ತಿರಬೇಕು. ಬೆಳಿಗ್ಗೆ ಮಾಮೂಲಿಗಿಂತ ದುಪ್ಪಟ್ಟು ನಡೆಸಿ, ದಣಿದ ನಾಯಿಗೆ ನಿದ್ದೆ ತಾನಾಗಿ ಬರುತ್ತದೆ. ನಿಲ್ದಾಣದೊಳಗೆ ಕಾಲಿಡುವ ಮೊದಲು ಹೊರಗೆ ಹುಲ್ಲು ಹುಡುಕಿ ಒಂದು, ಎರಡು ಮುಗಿಸಿಬಿಡಿ. ಚೀಲದ ತಳಕ್ಕೆ ಹೀರುವ ಪ್ಯಾಡ್ ಹಾಸಿ, ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಕಾಗದಗಳ ವಿಷಯ ಚಿಕ್ಕದಾಗಿ: ರೇಬೀಸ್ ಲಸಿಕೆಯ ಅವಧಿ ಮುಗಿಯದ ಕಾರ್ಡು, ನೋಂದಾಯಿತ ಪಶುವೈದ್ಯರಿಂದ ಪ್ರಯಾಣಕ್ಕೆ ಯೋಗ್ಯ ಎಂಬ ಪತ್ರ, ಕಂಪನಿಯ ಒಪ್ಪಿಗೆ ಪತ್ರ. ಪಶುವೈದ್ಯರ ಪತ್ರ ಎಷ್ಟು ದಿನದೊಳಗಿನದ್ದಾಗಿರಬೇಕು ಎಂದು ಕಂಪನಿಯಲ್ಲೇ ಕೇಳಿ.

ಎಲ್ಲಕ್ಕಿಂತ ಕಠಿಣ ಗಳಿಗೆ ಭದ್ರತಾ ತಪಾಸಣೆ. ಚೀಲ ಎಕ್ಸ್-ರೇ ಯಂತ್ರದೊಳಗೆ ಹೋಗಬೇಕು, ನಾಯಿ ಹೋಗಬಾರದು. ಅದನ್ನು ಹೊರತೆಗೆದು ಎತ್ತಿಕೊಂಡು ನೀವು ಲೋಹಶೋಧಕ ಚೌಕಟ್ಟಿನ ಮೂಲಕ ದಾಟಬೇಕು. ಹೆದರಿದ ನಾಯಿ ಕೊರಳಪಟ್ಟಿಯಿಂದ ತಲೆ ಹಿಂದಕ್ಕೆಳೆದು ನುಣುಚಿಕೊಳ್ಳುವುದಕ್ಕೆ ಒಂದು ಕ್ಷಣ ಸಾಕು; ಆ ಜನಜಂಗುಳಿಯಲ್ಲಿ ಓಡಿದರೆ ಹಿಡಿಯುವುದು ಕಷ್ಟ. ಎದೆಯನ್ನು ಸುತ್ತಿ ಕಟ್ಟುವ ಹಾರ್ನೆಸ್ ಹಾಕಿ, ಬೆಲ್ಟಿನ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಿ. ಲೋಹದ ಕೊಂಡಿ ಕೂಗಿದರೆ ಸಿಬ್ಬಂದಿ ಕೈಯಿಂದ ತಪಾಸಣೆ ಮಾಡುತ್ತಾರೆ. ಗಾಬರಿ ಸ್ವಭಾವದ್ದಾದರೆ ಪ್ರತ್ಯೇಕ ಕೋಣೆಯಲ್ಲಿ ನೋಡುವಂತೆ ಮೊದಲೇ ವಿನಂತಿಸಿ. ಇಬ್ಬರು ಹಿರಿಯರಷ್ಟೇ ಹೊರಟಿದ್ದರೆ ಒಬ್ಬರು ಮೊದಲು ದಾಟಿ ಚೀಲ ತೆರೆದು ಹಿಡಿದಿರಲಿ, ಇನ್ನೊಬ್ಬರು ನಾಯಿಯನ್ನು ತರಲಿ. ಇದನ್ನೂ ಮನೆಯ ಬಾಗಿಲಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಕೊಂಡವರಿಗೆ ತೊಂದರೆಯಾಗದು.

ವಿಮಾನದೊಳಗೆ

ಚೀಲ ಮುಂದಿನ ಸೀಟಿನ ಅಡಿಯಲ್ಲಿ, ಜಾಲರಿ ನಿಮ್ಮ ಕಡೆಗೆ. ಯಾರು ಏನೇ ಹೇಳಿದರೂ ತಲೆಯ ಮೇಲಿನ ಕಪಾಟಿಗೆ ಮಾತ್ರ ಇಡಬೇಡಿ. 2018ರ ಮಾರ್ಚ್‌ನಲ್ಲಿ ಅಮೆರಿಕದ ಹ್ಯೂಸ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಸಿಬ್ಬಂದಿಯೊಬ್ಬರ ಮಾತಿನಂತೆ ಫ್ರೆಂಚ್ ಬುಲ್‌ಡಾಗ್ ಮರಿಯಿದ್ದ ಚೀಲವನ್ನು ಮೇಲಿಟ್ಟರು. ಇಳಿದು ತೆಗೆದಾಗ ಅದು ಸತ್ತಿತ್ತು. ಕಂಪನಿ ತಪ್ಪು ಒಪ್ಪಿಕೊಂಡಿತು. ಸಿಬ್ಬಂದಿಗೆ ಗೌರವದಿಂದಲೇ, ಆದರೆ ಗಟ್ಟಿಯಾಗಿ, 'ಒಳಗೆ ನಾಯಿ ಇದೆ' ಎಂದು ಹೇಳಲು ಸಂಕೋಚ ಬೇಡ. ಭಾಷೆ ತೊಡಕಾಗುವ ಹಿರಿಯರಿಗೆ ಇದನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದು ಚೀಟಿಯಲ್ಲಿ ಬರೆದು ಚೀಲಕ್ಕೆ ಅಂಟಿಸಿ ಕಳಿಸಿ.

ಏರುವಾಗ, ಇಳಿಯುವಾಗ ಕಿವಿ ಗಂಯ್‌ ಎನ್ನುವುದು ಅದಕ್ಕೂ ಉಂಟು. ನುಂಗಿದರೆ ಕಿವಿ ತೆರೆಯುತ್ತದೆ. ಜಾಲರಿಯ ಸಂದಿನಿಂದ ಸಣ್ಣ ಚೂರು ತಿಂಡಿ ಒಂದೊಂದಾಗಿ ಕೊಡಿ, ಅಥವಾ ಬಹಳ ಹೊತ್ತು ಅಗಿಯುವ ಒಣ ತಿಂಡಿ ಇಡಿ. ಇಳಿಯುವುದಕ್ಕೆ ಅರ್ಧ ಗಂಟೆ ಮುಂಚಿನಿಂದಲೇ ಒತ್ತಡ ಬದಲಾಗುತ್ತಿರುತ್ತದೆ ಎಂಬುದು ನೆನಪಿರಲಿ. ತೆಳ್ಳಗಿನ ಬಟ್ಟೆಯನ್ನು ಚೀಲದ ಒಂದು ಬದಿಗೆ ಮಾತ್ರ ಇಳಿಬಿಟ್ಟರೆ ಓಡಾಡುವವರ ಕಾಲು ಕಾಣುವುದಿಲ್ಲ. ಎಲ್ಲ ಕಡೆ ಮುಚ್ಚಿದರೆ ಗಾಳಿ ನಿಲ್ಲುತ್ತದೆ, ಹಾಗೆ ಮಾಡಬೇಡಿ.

ಕುಂಯ್‌ಗುಟ್ಟಿದರೆ ಸಮಾಧಾನ ಮಾಡಬಹುದೇ? ಮಾಡಿದರೆ ಅಳುವುದು ರೂಢಿಯಾಗುತ್ತದೆ ಎಂಬ ಹಳೆಯ ನಂಬಿಕೆಯಿದೆ. ಹೆದರಿಕೆ ಎಂಬುದು ತಿಂಡಿಗಾಗಿ ಮಾಡುವ ಹಟವಲ್ಲ. ಸಾಂತ್ವನ ಹೇಳಿದರೆ ಅದು ಹೆಚ್ಚುವುದಿಲ್ಲ. ಜಾಲರಿಗೆ ಬೆರಳೊತ್ತಿ ಹಿಡಿಯಿರಿ, ಮೆಲ್ಲಗೆ ಮಾತಾಡಿ. ನಿಮ್ಮ ದನಿಯಲ್ಲೇ ಗಾಬರಿ ಇದ್ದರೆ ಮಾತ್ರ ಸುಮ್ಮನಿರುವುದು ಲೇಸು, ಅದು ತಿಳಿಯದಷ್ಟು ದಡ್ಡ ನಾಯಿ ಯಾವುದೂ ಇಲ್ಲ. ಕನಿಕರಕ್ಕೆ ಒಮ್ಮೆ ಹೊರತೆಗೆದು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ನಿಯಮಕ್ಕೂ ವಿರುದ್ಧ, ಮತ್ತೆ ಒಳಗೆ ಹಾಕುವುದು ಮೊದಲಿನ ಹತ್ತು ಪಾಲು ಕಷ್ಟ.

ಒಸಡಿನ ಬಣ್ಣವನ್ನು ಮನೆಯಲ್ಲೇ ನೋಡಿ ಗುರುತಿಟ್ಟುಕೊಳ್ಳಿ. ಸಾಧಾರಣವಾಗಿ ನಸುಗೆಂಪು. ಅದು ನೀಲಿಗೆ, ಬೂದಿಗೆ ಅಥವಾ ಇಟ್ಟಿಗೆಯ ಕೆಂಪಿಗೆ ತಿರುಗಿದರೆ, ಉಸಿರಿನಲ್ಲಿ ಗೊರಗೊರ ಸದ್ದು ಬಂದರೆ, ಕರೆದಾಗ ತಲೆ ಎತ್ತದಿದ್ದರೆ ಅದು ಗಾಬರಿಯಲ್ಲ, ಕಾಯಿಲೆ. ತಕ್ಷಣ ಸಿಬ್ಬಂದಿಯನ್ನು ಕರೆಯಿರಿ, ಚೀಲ ತೆರೆಯಲು ಅನುಮತಿ ಕೇಳಿ, ಮೇಲಿನ ಗಾಳಿ ಕಿಂಡಿಯನ್ನು ಅದರತ್ತ ತಿರುಗಿಸಿ, ಹೊಟ್ಟೆ, ಪಾದಗಳಿಗೆ ಒದ್ದೆ ಬಟ್ಟೆ ಒತ್ತಿ.

ತಾಲೀಮಿನಲ್ಲೇ ಸೋತರೆ

ಆರು ವಾರದ ಮೇಲೂ ಚೀಲದಲ್ಲಿ ತಿನ್ನದ, ಜಿಪ್ಪು ಎಳೆದೊಡನೆ ಉಗುರು ಒಡೆಯುವಂತೆ ಕೆರೆಯುವ ನಾಯಿಗಳು ಇರುತ್ತವೆ. ಅಂಥದನ್ನು ವಿಮಾನ ಹತ್ತಿಸಬೇಡಿ. ರೈಲಿನ ಎ.ಸಿ. ಪ್ರಥಮ ದರ್ಜೆಯಲ್ಲಿ ಎರಡು ಅಥವಾ ನಾಲ್ಕು ಸೀಟಿನ ಇಡೀ ಕೋಣೆಯನ್ನು ಕಾಯ್ದಿರಿಸಿದರೆ ನಾಯಿಯನ್ನು ಜೊತೆಗೇ ಇಟ್ಟುಕೊಳ್ಳಲು ರೈಲ್ವೆ ಬಿಡುತ್ತದೆ, ಪಾರ್ಸೆಲ್ ಕಚೇರಿಯಲ್ಲಿ ಶುಲ್ಕ ಕಟ್ಟಬೇಕು. ಖರ್ಚು ಹೆಚ್ಚು, ಹೊತ್ತು ಹೆಚ್ಚು. ಆದರೆ ನಿಲ್ದಾಣದಲ್ಲಿ ಇಳಿಸಿ ನಡೆಸಬಹುದು, ಬೆಂಚಿನ ಕೆಳಗೆ ಕಾಲು ಚಾಚಿ ಮಲಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಮುಂಬೈ, ಪುಣೆಗೆ ಹೇಗೂ ವಿಮಾನಕ್ಕಿಂತ ಕಾರೋ ರೈಲೋ ಸಲೀಸು.

ಹೊರದೇಶದಲ್ಲಿರುವ ಮಕ್ಕಳು ಕರೆಸಿಕೊಳ್ಳುವುದಾದರೆ ವಿಷಯವೇ ಬೇರೆ. ಉದಾಹರಣೆಗೆ ಬ್ರಿಟನ್ನಿಗೆ ಸಾಕುನಾಯಿ ವಿಮಾನದಲ್ಲಿ ಬರುವುದಾದರೆ ಸರಕಾಗಿಯೇ ಬರಬೇಕು, ಕ್ಯಾಬಿನ್ನಿನಲ್ಲಿ ಬಿಡುವುದಿಲ್ಲ. ಐರೋಪ್ಯ ಒಕ್ಕೂಟಕ್ಕೆ ಭಾರತದಿಂದ ಹೋಗುವ ನಾಯಿಗೆ ಮೈಕ್ರೋಚಿಪ್, ರೇಬೀಸ್ ಲಸಿಕೆ, ಕನಿಷ್ಠ 30 ದಿನದ ನಂತರ ರಕ್ತ ಪರೀಕ್ಷೆ, ಆಮೇಲೆ ಮೂರು ತಿಂಗಳ ಕಾಯುವಿಕೆ ಇದೆ. ಅಂದರೆ ನಾಲ್ಕು ತಿಂಗಳಿಗಿಂತ ಮೊದಲು ಹೊರಡುವ ಮಾತೇ ಇಲ್ಲ. ಸರಕು ಭಾಗದಲ್ಲಿ ಹೋಗುವ ಗಟ್ಟಿ ಪೆಟ್ಟಿಗೆಗೂ ಮೇಲೆ ಹೇಳಿದ ಅಭ್ಯಾಸವೇ, ಇನ್ನಷ್ಟು ವಾರಗಳು ಬೇಕು, ಯಾಕೆಂದರೆ ಅಲ್ಲಿ ಪಕ್ಕದಲ್ಲಿ ನಿಮ್ಮ ಕಾಲು ಇರುವುದಿಲ್ಲ.

ಇಳಿದ ಮೇಲೆ

ನಾಯಿ ತಪ್ಪಿಸಿಕೊಳ್ಳುವ ಭಯ ಪ್ರಯಾಣಕ್ಕಿಂತ ತಲುಪಿದ ಮೊದಲ ಮೂರು ದಿನದಲ್ಲಿ ಹೆಚ್ಚು. ಊರಿನಲ್ಲಿ ಗೇಟು ತೆರೆದಿದ್ದರೂ ಹೋಗದ ನಾಯಿ ಹೊಸ ಊರಿನ ಫ್ಲಾಟಿನ ಬಾಗಿಲು ತೆರೆದೊಡನೆ ಮನೆ ಹುಡುಕಿಕೊಂಡು ಹೊರಡುತ್ತದೆ. ಕೊರಳಪಟ್ಟಿಗೆ ಹೊಸ ಊರಿನ ಫೋನು ನಂಬರನ್ನು ಹೊರಡುವ ಮುಂಚೆಯೇ ಹಾಕಿಸಿ. ಊರಿನ ಲ್ಯಾಂಡ್‌ಲೈನ್ ನಂಬರು ಇದ್ದು ಪ್ರಯೋಜನವಿಲ್ಲ. ಲಿಫ್ಟಿಗೆ ಬೆಲ್ಟಿಲ್ಲದೆ ಕರೆದೊಯ್ಯಬೇಡಿ. ಒಂದು ದಿನ ಊಟ ಸರಿಯಾಗಿ ಮಾಡದಿದ್ದರೆ ಚಿಂತೆ ಬೇಡ, ಎರಡನೆಯ ದಿನವೂ ನೀರು ಮುಟ್ಟದಿದ್ದರೆ ಅಲ್ಲಿನ ಪಶುವೈದ್ಯರಿಗೆ ತೋರಿಸಿ. ಚೀಲವನ್ನು ಮಡಚಿ ಅಟ್ಟಕ್ಕೆ ಹಾಕಬೇಡಿ. ಬಾಯಿ ತೆರೆದು, ಅದೇ ಸೀರೆಯ ತುಂಡಿನೊಂದಿಗೆ, ಅಮ್ಮ ಮಲಗುವ ಕೋಣೆಯ ಮೂಲೆಯಲ್ಲಿಡಿ. ಹೊಸ ಮನೆಯಲ್ಲಿ ಊರಿನ ವಾಸನೆ ಇರುವ ಜಾಗ ಅದೊಂದೇ. ಕೆಲವು ವಾರ ಅದು ಅಲ್ಲೇ ಮಲಗುತ್ತದೆ.